ನಮ್ಮ ಬಿದ್ರಿಗೆ ಕೂದಲು ಬಂತು, ನಿಮಗೆಲ್ಲ ಶರಣು

ಮೊನ್ನೆ ಗುರುವಾರ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, "ಈ ಸಲಾನೂ ಏನೂ ಇಲ್ಲಮ್ಮ" ಅಂದರು. ನಾನು ಇನ್ನೊಂದು ಸಲ ನೋಡಿ ಅಂದೆ. ಅವರು ನಕ್ಕು ಇನ್ನೊಂದು ಸಲ ನೋಡಿದರು. ಇರಲಿಲ್ಲ. ಮಾರ್ಚ್‌ನಲ್ಲೂ ಇರಲಿಲ್ಲ, ಏಪ್ರಿಲ್‌ನಲ್ಲೂ ಇಲ್ಲ. ತಿಂಗಳ ಅಂತರದಲ್ಲಿ ಎರಡು ಸಲ ನಾಯಿಮರಿಯ ಚರ್ಮದಲ್ಲಿ ಹುಳ ಕಾಣದಿದ್ದರೆ ಔಷಧಿ ನಿಲ್ಲಿಸೋಣ ಅಂತ ಮೊದಲ ದಿನವೇ ಹೇಳಿದ್ದರು. ಆ ದಿನ ಬರುತ್ತೆ ಅಂತ ನಾನು ನಂಬಿರಲಿಲ್ಲ.

ಬಿದ್ರಿ ಅಂದರೆ ನಮ್ಮ ನಾಯಿಮರಿ. ಕಳೆದ ಆಗಸ್ಟ್‌ನ ಮಳೆಯಲ್ಲಿ ನನ್ನ ಮಗ ಅಷ್ಟೂರು ದಾರಿಯಿಂದ ಸೈಕಲ್ ಬುಟ್ಟಿಯಲ್ಲಿ ಹಾಕಿಕೊಂಡು ಬಂದ. ಎರಡು ತಿಂಗಳಿನ ಹೆಣ್ಣು ಕುನ್ನಿ. ಕಪ್ಪು ಮೈ, ಎದೆ ಮೇಲೆ ಬಳ್ಳಿಯ ಹಾಗೆ ಒಂದು ಬಿಳಿ ಗೆರೆ. ನಮ್ಮ ಮನೆ ಚೌಬಾರಾ ಹತ್ತಿರ. ಎದುರು ಮನೆಯ ಅಜ್ಜಾ ಬಿದ್ರಿ ಕೆಲಸದವರು, ಅಂದರೆ ಕಪ್ಪು ಲೋಹದ ಸಾಮಾನಿನ ಮೇಲೆ ಬೆಳ್ಳಿ ಕೂರಿಸುವವರು. ಮರಿ ನೋಡಿದ ಕೂಡಲೇ "ಇದು ನಮ್ಮ ಹೂಜಿ ಅದ ನೋಡು, ಕಪ್ಪಿನ ಮ್ಯಾಲ ಬೆಳ್ಳಿ" ಅಂದರು. ಹೆಸರು ಹಾಗೇ ಉಳಿಯಿತು.

ಸೆಪ್ಟೆಂಬರ್‌ನಲ್ಲಿ ಕಣ್ಣಿನ ಸುತ್ತ ಕೂದಲು ಉದುರಿತು. ಕನ್ನಡಕ ಹಾಕಿದ ಹಾಗೆ ಕಾಣುತ್ತಿತ್ತು. ನಾವು ನಗುತ್ತಿದ್ದೆವು. ಆಮೇಲೆ ಬಾಯಿಯ ಮೂಲೆ, ಆಮೇಲೆ ಮುಂಗಾಲು. ನಗು ನಿಂತಿತು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ದಿನಕ್ಕೆ ಹತ್ತು ಹೆಂಗಸರು ಬಂದು ಹೋಗುವ ಮನೆ. ಬಂದವರೆಲ್ಲ ಒಂದೊಂದು ಔಷಧಿ ಹೇಳಿದರು. ಬೇವಿನ ಎಣ್ಣೆ, ಅರಿಶಿನ, ತಂಬಾಕಿನ ನೀರು, ಗಂಧಕ. ಒಬ್ಬರಂತೂ ಪಾಪನಾಶದ ಕೆರೆಯಲ್ಲಿ ಮುಳುಗಿಸಿ ತನ್ನಿ ಅಂದರು. ಮೂರು ತಿಂಗಳ ಕುನ್ನಿ ಎಂಥ ಪಾಪ ಮಾಡಿರುತ್ತೆ, ನೀವೇ ಹೇಳಿ.

ನಾನು ಮಾಡಿದ ಎರಡು ತಪ್ಪು ಇಲ್ಲಿ ಹೇಳಿಬಿಡುತ್ತೇನೆ. ಹೇಳದೆ ಬರೀ ಥ್ಯಾಂಕ್ಸ್ ಬರೆದರೆ ಅರ್ಧ ಸುಳ್ಳಾಗುತ್ತೆ.

ಮೊದಲನೆಯದು, ಗ್ಯಾರೇಜಿನ ಹಳೆ ಆಯಿಲ್. ನಮ್ಮ ಸಂಬಂಧಿಕರೊಬ್ಬರು ಡಬ್ಬಿಯಲ್ಲಿ ತಂದುಕೊಟ್ಟರು, ಊರಲ್ಲಿ ಎಲ್ಲ ನಾಯಿಗೂ ಇದನ್ನೇ ಹಚ್ಚುತ್ತಾರೆ ಅಂತ. ಹಚ್ಚಿದೆ. ನಾಯಿ ತನ್ನ ಮೈ ತಾನೇ ನೆಕ್ಕುತ್ತೆ ಅನ್ನುವ ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಅವತ್ತು ರಾತ್ರಿಯಿಡೀ ವಾಂತಿ. ಚರ್ಮ ಸುಟ್ಟ ಹಾಗೆ ಕೆಂಪಾಯಿತು. ಎರಡನೆಯದು, ಒಂದು ಇಂಜೆಕ್ಷನ್. ಯಾರು ಕೊಟ್ಟರು ಅಂತ ಹೇಳುವುದಿಲ್ಲ, ಕೇಳಿದ್ದು ನಾನೇ. "ಕೆರೆತ ಒಂದು ನಿಂತರೆ ಸಾಕು" ಅಂದಿದ್ದೆ. ನಿಂತಿತು, ನಾಲ್ಕು ದಿನ. ಐದನೇ ದಿನದಿಂದ ಬೆನ್ನು, ಹೊಟ್ಟೆ, ಪಾದ ಎಲ್ಲ ಕಡೆ ಹರಡಿತು. ಅದು ಸ್ಟೀರಾಯ್ಡ್ ಆಗಿತ್ತು ಅಂತ ಗೊತ್ತಾಗಿದ್ದು ನವೆಂಬರ್‌ನಲ್ಲಿ, ಆಸ್ಪತ್ರೆಯಲ್ಲಿ ಆ ಚೀಟಿ ತೋರಿಸಿದಾಗ.

ಆ ಅಕ್ಟೋಬರ್ ತಿಂಗಳು ನೆನೆಸಿಕೊಳ್ಳಲು ಇಷ್ಟವಿಲ್ಲ. ಮೈಮೇಲೆ ಕೂದಲೇ ಇಲ್ಲ. ಬೂದು ಬಣ್ಣದ ದಪ್ಪ ಚರ್ಮ, ಅಲ್ಲಲ್ಲಿ ಕೀವಿನ ಗುಳ್ಳೆ, ಪಾದಗಳು ಊದಿಕೊಂಡಿದ್ದವು. ವಾಸನೆ ಬೇರೆ. ಗಿರಾಕಿಗಳು ಬ್ಲೌಸ್ ಅಳತೆಯನ್ನು ಬಾಗಿಲಲ್ಲೇ ಕೊಟ್ಟು ಹೋಗತೊಡಗಿದರು. "ಖುಜಲಿ ನಾಯಿ ಮನ್ಯಾಗ ಇಟ್ಕೊಂಡ್ರ ಮಕ್ಕಳಿಗೂ ಬರ್ತದ" ಅಂತ ಓಣಿಯಲ್ಲಿ ಮಾತು ಶುರುವಾಯಿತು. ಅಷ್ಟರಲ್ಲೇ ನನ್ನ ಮಗನ ಮೊಣಕೈ ಮೇಲೆ ಎರಡು ದುಂಡನೆಯ ಕಲೆ ಎದ್ದವು. ಮುಗಿಯಿತು ಕಥೆ. ಮರಿಯನ್ನು ಎಲ್ಲಾದರೂ ದೂರ ಬಿಟ್ಟು ಬರೋಣ ಅಂತ ನನ್ನ ಗಂಡ ಗಾಡಿ ಕೀಲಿ ತೆಗೆದುಕೊಂಡಿದ್ದರು. ನಾನೂ ಬೇಡ ಅನ್ನಲಿಲ್ಲ.

ಬೇಡ ಅಂದಿದ್ದು ಎದುರು ಮನೆಯ ಅಜ್ಜಾ. ಅವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಒಳಗೆ ಹೋಗಿ ಅರ್ಧ ಕೆಲಸ ಆಗಿದ್ದ ಒಂದು ಹೂದಾನಿ ತಂದು ನನ್ನ ಕೈಗೆ ಕೊಟ್ಟರು. ಬೀದರಿನವರಿಗೆ ಗೊತ್ತಿರುವ ವಿಷಯವೇ, ಆದರೂ ಹೇಳುತ್ತೇನೆ. ಬಿದ್ರಿ ಸಾಮಾನು ಹುಟ್ಟುವಾಗ ಕಪ್ಪಾಗಿ ಇರಲ್ಲ. ಸತು ಜಾಸ್ತಿ, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದದ್ದು ಬೂದು ಬಣ್ಣಕ್ಕೆ ಇರುತ್ತೆ. ಬೆಳ್ಳಿ ತಂತಿ ಕೂರಿಸಿ ಉಜ್ಜಿದ ಮೇಲೂ ಬೆಳ್ಳಿ ಯಾವುದು, ಉಳಿದದ್ದು ಯಾವುದು ಅಂತ ತಿಳಿಯಲ್ಲ. ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಉಪ್ಪು ಬೆರೆಸಿ, ಆ ಬಿಸಿ ನೀರಲ್ಲಿ ಅದ್ದಿ ತಿಕ್ಕಿದಾಗಲೇ ಕಪ್ಪು ಬರೋದು. ಅಜ್ಜಾ ಹೂದಾನಿ ತೋರಿಸಿ, "ನಿನ್ನ ಬಿದ್ರಿಗೆ ಇನ್ನಾ ಮಣ್ಣು ಹಚ್ಚಿಲ್ಲ. ಅಷ್ಟರಾಗೇ ಒಗೀತೀಯೇನು?" ಅಂದರು. ಗಂಡ ಕೀಲಿ ಗೂಟಕ್ಕೆ ಹಾಕಿದರು. ಅಜ್ಜಾ, ನಿಮಗೆ ಮೊದಲ ಶರಣು.

ಎರಡನೆಯದು ಆಟೋದವನಿಗೆ. ಆಸ್ಪತ್ರೆಗೆ ಹೊರಟಾಗ ಮೂವರು ಆಟೋದವರು ಮರಿ ನೋಡಿ ಗಾಡಿ ಮುಂದಕ್ಕೆ ಓಡಿಸಿದರು. ನಾಲ್ಕನೆಯವನು ಗೋಣಿಚೀಲ ಹಾಸಿ "ಬೈಠೋ ಅಕ್ಕಾ" ಅಂದ. ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಆದರೆ ಆರು ತಿಂಗಳು ಫೋನ್ ಮಾಡಿದಾಗಲೆಲ್ಲ ಬಂದ. ನಂದಿನಗರ ಊರ ಹೊರಗೆ. ವಾಪಸ್ ಬರಲು ಗಾಡಿ ಸಿಗಲ್ಲ ಅಂತ ಅವನೇ ಮರದ ಕೆಳಗೆ ಕಾಯುತ್ತಿದ್ದ.

ಇಷ್ಟು ವರ್ಷ ಬೀದರಿನಲ್ಲಿದ್ದೂ ನಾನು ಆ ಆಸ್ಪತ್ರೆ ನೋಡಿರಲಿಲ್ಲ. ಇಡೀ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮೂರಲ್ಲೇ ಇದೆ, ನಾವು ಗ್ಯಾರೇಜಿನ ಆಯಿಲ್ ಹುಡುಕುತ್ತೇವೆ! ತಿಮ್ಮಾಪುರದ ಮುಧೋಳ ನಾಯಿ ಸಂಶೋಧನಾ ಕೇಂದ್ರವೂ ಇದೇ ವಿಶ್ವವಿದ್ಯಾಲಯದ್ದು. ಅದನ್ನು ಕೇಳಿ ನನಗೆ ಸ್ವಲ್ಪ ಸಂಕೋಚವಾಯಿತು. ನಮ್ಮದು ಓಣಿ ತಳಿ. ಚೀಟಿಯಲ್ಲಿ ತಳಿ ಏನು ಬರೆಯಲಿ ಅಂತ ಕೇಳಿದಾಗ ಮಗ "ಅಷ್ಟೂರು" ಅಂದ. ಅವರು ಹಾಗೇ ಬರೆದುಕೊಂಡರು.

ನಾನು ರಕ್ತ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ಬೆರಳಲ್ಲಿ ಚರ್ಮ ಹಿಡಿದು ಹಿಂಡಿ, ಬ್ಲೇಡಿಗೆ ಎಣ್ಣೆ ಸವರಿ, ಸಣ್ಣಗೆ ರಕ್ತ ಜಿನುಗುವವರೆಗೆ ಕೆರೆದರು. ಬಂದದ್ದನ್ನು ಗಾಜಿನ ತುಂಡಿಗೆ ಹಚ್ಚಿದರು. ಅಷ್ಟೇ. ಒಬ್ಬ ಓದುವ ಹುಡುಗಿ ಅದನ್ನು ನೋಡಿ, "ಆಂಟಿ, ನೀವೂ ನೋಡಿ" ಅಂತ ಕರೆದಳು. ಉದ್ದನೆಯ ಹುಳಗಳು, ಬೀಡಿ ತುಂಡಿನ ಹಾಗೆ. ಮುಂದಿನ ಅರ್ಧಕ್ಕೆ ಮಾತ್ರ ಮೋಟು ಕಾಲು. ಹೆಸರು ಡೆಮೊಡೆಕ್ಸ್. ನಾಯಿಯ ಕೂದಲಿನ ಬುಡದೊಳಗೆ ಇರುತ್ತವಂತೆ, ಅದಕ್ಕೇ ಹಿಂಡಿ ಕೆರೆಯಬೇಕು.

ಆ ಹುಡುಗಿಗೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅವಳು ಹೇಳಿದ್ದು ನನಗೆ ಬಾಯಿಪಾಠ ಆಗಿದೆ. ಈ ಹುಳ ಹೆಚ್ಚು ಕಡಿಮೆ ಎಲ್ಲ ನಾಯಿಯ ಮೈಯಲ್ಲೂ ನಾಲ್ಕಾರು ಇದ್ದೇ ಇರುತ್ತವೆ. ಹುಟ್ಟಿದ ಮೊದಲ ಕೆಲವು ದಿನದಲ್ಲಿ, ಹಾಲು ಕುಡಿಯುವಾಗ ತಾಯಿಯಿಂದ ಬರುತ್ತವೆ. ಮರಿ ಗಟ್ಟಿ ಇದ್ದರೆ ಸುಮ್ನೆ ಇರುತ್ತವೆ. ಮೈಯ ಶಕ್ತಿ ಕುಗ್ಗಿದರೆ ಸಂತೆ ಸೇರಿಸುತ್ತವೆ. ಕಣ್ಣ ಸುತ್ತ ಒಂದೆರಡು ಕಡೆ ಮಾತ್ರ ಇದ್ದಾಗ ಎಷ್ಟೋ ಮರಿಗಳಲ್ಲಿ ತಾನಾಗೇ ವಾಸಿಯಾಗುತ್ತಂತೆ. ಸ್ಟೀರಾಯ್ಡ್ ಕೊಟ್ಟರೆ ಇದ್ದ ಶಕ್ತಿಯೂ ಹೋಗಿ ಹುಳಕ್ಕೆ ಬಾಗಿಲು ತೆರೆದ ಹಾಗೆ. ಇದನ್ನು ಕೇಳುವಾಗ ನಾನು ಮರಿಯ ಮುಖ ನೋಡಲಿಲ್ಲ.

ಮುಖ್ಯವಾದದ್ದು ಇನ್ನೊಂದು: ನಾಯಿಯ ಡೆಮೊಡೆಕ್ಸ್ ಮನುಷ್ಯರಿಗೆ ಅಂಟುವುದಿಲ್ಲ. ನಾನು ಅದನ್ನು ಮೂರು ಸಲ ಕೇಳಿದೆ, ಅವಳು ಮೂರು ಸಲವೂ ಹೇಳಿದಳು. ಹಾಗಾದರೆ ಮಗನ ಕೈ? ಅದಕ್ಕೂ ಉತ್ತರ ಅಲ್ಲೇ ಇತ್ತು. ಕೂದಲು ಉದುರುವ ಎಲ್ಲವೂ ಒಂದೇ ಕಾಯಿಲೆ ಅಲ್ಲ. ಹುಳುಕಡ್ಡಿ ಅಂದರೆ ಬೂಷ್ಟು, ಅದು ನಾಯಿ ಬೆಕ್ಕಿನಿಂದ ಮನುಷ್ಯರಿಗೆ ಬರಬಹುದು. ಸಾರ್ಕೊಪ್ಟಿಕ್ ಅನ್ನುವ ಇನ್ನೊಂದು ಕಜ್ಜಿ ಇದೆ. ಅದರಲ್ಲಿ ಕಿವಿಯ ಅಂಚು, ಮೊಣಕೈಯಿಂದ ಶುರುವಾಗಿ ಕೆರೆತ ಹುಚ್ಚು ಹಿಡಿಸುತ್ತೆ, ಮನೆಯವರಿಗೂ ತುರಿಕೆ ಬರುತ್ತೆ. ಚಿಗಟದ ಅಲರ್ಜಿಗೆ ಬಾಲದ ಬುಡದಲ್ಲಿ ಕೂದಲು ಹೋಗುತ್ತೆ. ನಮ್ಮ ಬಿದ್ರಿಯ ಕೂದಲು ಕಿತ್ತು ಬೂಷ್ಟೂ ಹುಡುಕಿದರು. ಸಿಗಲಿಲ್ಲ. ಮಗನದು ಹುಳುಕಡ್ಡಿಯೇ ಅಂತ ಚರ್ಮದ ಡಾಕ್ಟರು ಹೇಳಿದರು. ಅವನ ಜೊತೆ ಕಬಡ್ಡಿ ಆಡುವ ಇನ್ನಿಬ್ಬರಿಗೆ ಅದಕ್ಕೂ ಮೊದಲೇ ಇತ್ತು. ಟವೆಲ್ ಒಂದೇ. ನಾಯಿ ಮೇಲೆ ಬಂದ ಅಪವಾದ ಹಾಗೆ ಕಳೆಯಿತು, ಆದರೆ ಓಣಿಯಲ್ಲಿ ಅದನ್ನು ಹೇಳಿಕೊಂಡು ತಿರುಗಲು ನನಗೆ ಒಂದು ವಾರ ಬೇಕಾಯಿತು.

ಔಷಧಿ ಅಂದರೆ ತಿಂಗಳಿಗೊಂದು ಅಗಿಯುವ ಗುಳಿಗೆ, ಅಫಾಕ್ಸೊಲೇನರ್. ಮರಿಗೆ ಎಂಟು ವಾರ ದಾಟಿರಬೇಕು, ಎರಡು ಕಿಲೋ ಇರಬೇಕು. ತೂಕ ಹಾಕಿ, ಎಂದಾದರೂ ಫಿಟ್ಸ್ ಬಂದಿತ್ತಾ ಅಂತ ಕೇಳಿಯೇ ಕೊಟ್ಟರು. ಒಂದು ಗುಳಿಗೆ ಅಂದರೆ ನನಗೆ ಎರಡು ಲೈನಿಂಗ್ ಬ್ಲೌಸ್ ಲೆಕ್ಕ. ಕುರಿಗೆ ಹಾಕುವ ಐವರ್‌ಮೆಕ್ಟಿನ್ ಅಗ್ಗ ಅಲ್ವಾ ಅಂತ ಕೇಳಿದೆ. ಕೋಲಿ ಅನ್ನುವ ನಾಯಿಯಂಥ ಕೆಲವು ತಳಿಗೆ ಅದು ಪ್ರಾಣಕ್ಕೇ ಬರುತ್ತೆ, ಅಳತೆ ತಪ್ಪಿದರೆ ಯಾವ ಮರಿಗೂ ಅಪಾಯ, ಮನೆಯಲ್ಲಿ ಮುಟ್ಟಲೇಬೇಡಿ ಅಂದರು. ಕೀವಿಗೆ ಬೇರೆ ಆಂಟಿಬಯಾಟಿಕ್, ಹೊಟ್ಟೆ ಹುಳಕ್ಕೆ ಬೇರೆ ಔಷಧಿ. ಜೊತೆಗೆ ವಾರಕ್ಕೊಂದು ಸಲ ಔಷಧಿ ಶ್ಯಾಂಪೂ. ನೊರೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ಒದ್ದೆ ಕುನ್ನಿಯನ್ನು ಹತ್ತು ನಿಮಿಷ ಹಿಡಿದು ಕೂರುವುದು ನನ್ನಿಂದ ಆಗದ ಮಾತು. ಅದನ್ನು ಮಾಡಿದ್ದು ನನ್ನ ಅತ್ತೆ. ನಾಯಿ ಅಂದರೆ ಸೆರಗು ಎಳೆದುಕೊಳ್ಳುತ್ತಿದ್ದವರು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಮರಿಯ ಕತ್ತು ಹಿಡಿದು ವಚನ ಹೇಳಲು ಶುರು ಮಾಡುತ್ತಿದ್ದರು. ಎಂಟು ವಚನ ಮುಗಿದರೆ ಹತ್ತು ನಿಮಿಷ. ಗಡಿಯಾರ ಇಟ್ಟು ನೋಡಿದ್ದೇನೆ, ಅರ್ಧ ನಿಮಿಷ ಆಚೆ ಈಚೆ. ಈಗಲೂ ಬಿದ್ರಿ ಅವರ ಧ್ವನಿ ಕೇಳಿದರೆ ಕದಲದೆ ಕೂರುತ್ತಾಳೆ. ಭಕ್ತಿಯೋ ಶ್ಯಾಂಪೂ ಭಯವೋ ಗೊತ್ತಿಲ್ಲ.

ಮೊಟ್ಟೆ ಕೊಟ್ಟ ಓಣಿಯ ಖಾಲಾಗೆ ಶರಣು. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ. ಮರಿಗೆ ಬರೀ ಹಾಲು ರೊಟ್ಟಿ ಸಾಲದು ಅಂತ ಡಾಕ್ಟರು ಹೇಳಿದ್ದನ್ನು ಇವರಿಗೆ ಹೇಳಿದ್ದೆ, ಅಷ್ಟೇ. ಮಾರನೇ ದಿನದಿಂದ ಬೆಳಿಗ್ಗೆ ಒಂದು ಬೆಂದ ಮೊಟ್ಟೆ ಕಿಟಕಿಯಲ್ಲಿ ಇರುತ್ತಿತ್ತು. ರಂಜಾನ್ ತಿಂಗಳಲ್ಲೂ ತಪ್ಪಲಿಲ್ಲ.

ಡಿಸೆಂಬರ್ ಚಳಿ ದೊಡ್ಡ ಕಷ್ಟವಾಯಿತು. ಬೀದರಿನ ಚಳಿ ಗೊತ್ತಲ್ಲ, ಕಲಬುರಗಿಯವರು ಬಂದರೆ ಸ್ವೆಟರ್ ಕೇಳುತ್ತಾರೆ. ಮೈಮೇಲೆ ಕೂದಲಿಲ್ಲದ ಮರಿ ರಾತ್ರಿಯೆಲ್ಲ ನಡುಗುತ್ತಿತ್ತು. ನಾನು ಬೇರೇನು ಮಾಡಲಿ, ಕೋಟು ಹೊಲಿದೆ. ಬ್ಲೌಸಿನ ಹತ್ತಿ ಲೈನಿಂಗ್ ಒಳಗೆ, ಹಳೆ ಶಾಲು ಹೊರಗೆ, ಹೊಟ್ಟೆ ಕೆಳಗೆ ಕಟ್ಟಲು ಲಾಡಿ. ಮೊದಲ ಕೋಟನ್ನು ಒಂದೇ ರಾತ್ರಿಯಲ್ಲಿ ಕಚ್ಚಿ ಹಾಕಿದಳು. ಎರಡನೆಯದಕ್ಕೆ ಕುತ್ತಿಗೆ ಅಗಲ ಮಾಡಿದೆ, ಒಪ್ಪಿಕೊಂಡಳು. ಎಲ್ಲರ ಹಾಗೆ ಅವಳಿಗೂ ಕುತ್ತಿಗೆ ಡೀಪ್ ಬೇಕಿತ್ತು. ವಾರಕ್ಕೆ ಎರಡು ಸಲ ಒಗೆಯಬೇಕಲ್ಲ, ಒಟ್ಟು ಐದು ಆದವು.

ಜನವರಿ ಕೊನೆಗೆ ಕಣ್ಣಿನ ಸುತ್ತ ಮೊದಲು ನವಿರಾದ ಕೂದಲು ಕಂಡಿತು. ನೋಡಿದ್ದು ಮಗ. ಟಾರ್ಚ್ ಹಾಕಿ ನನಗೆ ತೋರಿಸಿದ. ಆಮೇಲೆ ಬೆನ್ನು, ಆಮೇಲೆ ಹೊಟ್ಟೆ. ಪಾದ ಎಲ್ಲಕ್ಕಿಂತ ತಡ. ಕೂದಲು ಬಂತು ಅಂತ ಫೆಬ್ರವರಿಯಲ್ಲೇ ಗುಳಿಗೆ ನಿಲ್ಲಿಸೋಣ ಅಂದಿದ್ದೆ. ಆ ತಿಂಗಳು ಚರ್ಮ ಕೆರೆದು ನೋಡಿದಾಗ ಇನ್ನೂ ಹುಳ ಮತ್ತು ಅದರ ಮೊಟ್ಟೆ ಸಿಕ್ಕವು, ಅದೂ ಪಾದದಲ್ಲಿ. ಹೊರಗೆ ಪಳಪಳ, ಒಳಗೆ ಸಂಸಾರ. ಅವತ್ತು ಡಾಕ್ಟರು ನನ್ನನ್ನು ಗದರಿಸಿದ್ದಕ್ಕೂ ಒಂದು ಶರಣು.

ಇನ್ನು ಒಂದು ವರ್ಷ ಕಣ್ಣಿಟ್ಟಿರಿ ಅಂದಿದ್ದಾರೆ, ಮತ್ತೆ ಬರಬಹುದು. ಮರಿ ಹಾಕಿಸಬಾರದು, ಈ ದೌರ್ಬಲ್ಯ ವಂಶದಲ್ಲಿ ಇಳಿಯುತ್ತೆ. ಮೈ ಪೂರ್ತಿ ಗಟ್ಟಿಯಾದ ಮೇಲೆ ಆಪರೇಷನ್ ಮಾಡಿಸುತ್ತೇವೆ. ಆಟೋದವನಿಗೆ ಈಗಲೇ ಹೇಳಿಟ್ಟಿದ್ದೇನೆ.

ಅಜ್ಜಾ ನಿನ್ನೆ ಕನ್ನಡಕ ಏರಿಸಿ ಬಿದ್ರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎದೆಯ ಬಿಳಿ ಗೆರೆ ಮೊದಲಿಗಿಂತ ಸ್ವಲ್ಪ ಸೊಟ್ಟ ಬಂದಿದೆಯಂತೆ. ಕೆಲಸ ಗಡಿಬಿಡಿಯಲ್ಲಿ ಆಗ್ಯದ ಅಂದರು.

ಐದು ಕೋಟು ಬಿಸಿ ನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಎರಡರಿಂದ ಎಂಟು ಕಿಲೋ ತೂಕದ ಮರಿಗೆ ಆಗುತ್ತವೆ. ಬರುವ ಚಳಿಗೆ ಯಾರಿಗಾದರೂ ಬೇಕಾದರೆ ಚೌಬಾರಾ ಕಡೆ ಬಂದು ಹೊಲಿಗೆ ಅಕ್ಕನ ಮನೆ ಯಾವುದು ಅಂತ ಕೇಳಿ. ಇವು ಆಗದಿದ್ದರೆ ಅಳತೆಗೆ ಮರಿಯನ್ನೇ ತನ್ನಿ. ಕೂದಲಿಲ್ಲದಿದ್ದರೂ ಪರವಾಗಿಲ್ಲ, ಒಳಗೇ ಬನ್ನಿ.