310 ಅಡಿಯ ಏರು: ಮಗಳಿಗೊಂದು ಪತ್ರ

ಚಿ. ಮೇಘನಾಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಮೈಸೂರಿನಲ್ಲಿ ನಾವಿಬ್ಬರೂ ಕ್ಷೇಮ. ಮುಂದಿನ ತಿಂಗಳು ಗೆಳತಿಯರೊಂದಿಗೆ ಕೊಲಂಬಸ್‌ನಿಂದ ಓಹಾಯೋದ ಮನರಂಜನಾ ಪಾರ್ಕು ಸೀಡರ್ ಪಾಯಿಂಟ್‌ಗೆ ಹೋಗುವ ವಿಷಯ ಹೇಳುತ್ತಾ, ಅಲ್ಲಿನ ರೋಲರ್ ಕೋಸ್ಟರ್ ಮಿಲೇನಿಯಂ ಫೋರ್ಸ್ ಹೊಸದಾಗಿ ಬಂದಾಗ ಅಷ್ಟೊಂದು ಸಡಗರ ಏಕಿತ್ತು ಎಂದು ನೀನು ಕೇಳಿದೆ. ಅದು ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಎನ್ನಿಸಿದ್ದರಿಂದ ಬರೆಯಲು ಕುಳಿತಿದ್ದೇನೆ.

ಆಗ ನೀನಿನ್ನೂ ಹುಟ್ಟಿರಲಿಲ್ಲ. ವೈಟುಕೆ, ಅಂದರೆ 2000ನೇ ಇಸವಿ ಬಂದಾಗ ಕಂಪ್ಯೂಟರುಗಳ ದಿನಾಂಕ ತಪ್ಪದಂತೆ ಸರಿಪಡಿಸುವ ಕೆಲಸಕ್ಕೆಂದು ನಮ್ಮ ಕಡೆಯ ಬಹಳಷ್ಟು ಹುಡುಗರು ಅಮೆರಿಕಕ್ಕೆ ಹೋದ ಕಾಲವದು. ನಾನೂ ಹಾಗೆಯೇ ನಿನ್ನ ಅಮ್ಮನನ್ನು ಕರೆದುಕೊಂಡು ಕ್ಲೀವ್‌ಲ್ಯಾಂಡ್ ಸೇರಿದ್ದೆ. 1999ರ ಜುಲೈ ತಿಂಗಳಲ್ಲಿ ಸೀಡರ್ ಪಾಯಿಂಟ್‌ನವರು 310 ಅಡಿ ಎತ್ತರದ, ಗಂಟೆಗೆ 93 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್ ವೇಗದ ರೋಲರ್ ಕೋಸ್ಟರನ್ನು 25 ಮಿಲಿಯನ್ ಡಾಲರ್ ವೆಚ್ಚದಲ್ಲಿ ಕಟ್ಟುವುದಾಗಿ ಪ್ರಕಟಿಸಿದರು. ಆ ಎತ್ತರವನ್ನು ಊರಿನಲ್ಲಿದ್ದ ನಿನ್ನ ಅಜ್ಜಿಗೆ ವಿವರಿಸಲು ನನಗೆ ಹೊಳೆದದ್ದು ಒಂದೇ ದಾರಿ: ಶ್ರವಣಬೆಳಗೊಳದ ಗೊಮ್ಮಟನ ಮೇಲೆ ಇನ್ನೂ ನಾಲ್ಕು ಗೊಮ್ಮಟರನ್ನು ನಿಲ್ಲಿಸಿದರೂ ಅಷ್ಟು ಎತ್ತರ ಮುಟ್ಟುವುದಿಲ್ಲ ಎಂದೆ. ಅಷ್ಟೆತ್ತರದಿಂದ ಜನರನ್ನು ಏಕೆ ಬೀಳಿಸುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಓಹಾಯೋದ ಜನರಿಗೆ ಇಂಥ ಉತ್ತರ ಬೇಕಿರಲೂ ಇಲ್ಲ. ಈರಿ ಸರೋವರಕ್ಕೂ ಸ್ಯಾಂಡಸ್ಕಿ ಕೊಲ್ಲಿಗೂ ನಡುವೆ ಚಾಚಿಕೊಂಡಿರುವ, ಸೀಡರ್ ಪಾಯಿಂಟ್ ಇರುವ ಆ ಕಿರಿದಾದ ನೆಲಕ್ಕೆ ಜನ 1870ರಿಂದಲೇ ಈಜಲು, ವಿಹರಿಸಲು ಬರುತ್ತಿದ್ದಾರೆ. ಅಲ್ಲಿನ ಮೊದಲ ಕೋಸ್ಟರ್ 1892ರದು. ಅದರ ಎತ್ತರ ಬರೀ 25 ಅಡಿ, ವೇಗ ಗಂಟೆಗೆ ಹತ್ತು ಮೈಲಿ. 1989ರಲ್ಲಿ ಅಲ್ಲಿಯೇ ಮ್ಯಾಗ್ನಮ್ ಎಂಬ ಕೋಸ್ಟರ್ 205 ಅಡಿ ಮುಟ್ಟಿತು. ಹೊರಟ ಜಾಗಕ್ಕೇ ಸುತ್ತಿ ಮರಳುವ ಕೋಸ್ಟರ್‌ಗಳಲ್ಲಿ 200 ಅಡಿ ದಾಟಿದ ಮೊದಲನೆಯದು ಅದೇ. ನನ್ನ ಆಫೀಸಿನ ಸಹೋದ್ಯೋಗಿಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಈ ಲೆಕ್ಕಗಳನ್ನೆಲ್ಲ ನಮ್ಮವರು ಕ್ರಿಕೆಟ್ ಸ್ಕೋರು ಒಪ್ಪಿಸುವ ಉತ್ಸಾಹದಲ್ಲಿ ಹೇಳುತ್ತಿದ್ದರು.

ಆದರೆ ನಿನಗೆ ಮುಖ್ಯವಾಗಿ ಹೇಳಬೇಕೆಂದಿರುವುದು ದಾಖಲೆಯ ವಿಷಯವನ್ನಲ್ಲ. ದಾಖಲೆ ಮುರಿಯುವುದಷ್ಟೇ ಉದ್ದೇಶವಾಗಿದ್ದರೆ ಅವರು 310 ಅಡಿಯವರೆಗೆ ಹೋಗಬೇಕಾಗಿರಲಿಲ್ಲ. ಪೂರ್ತಿ ಸುತ್ತು ಹಾಕುವ ಕೋಸ್ಟರ್‌ಗಳಲ್ಲಿ ಆಗ ಅತಿ ಎತ್ತರದ್ದೆಂದರೆ ಜಪಾನಿನ ಫುಜಿಯಾಮ. ಅದು 259 ಅಡಿ. ಇನ್ನು ಒಂದೆರಡು ಅಡಿ ಸೇರಿಸಿದ್ದರೂ ಹೆಸರು ಬರುತ್ತಿತ್ತು. ಸ್ವಿಟ್ಜರ್ಲೆಂಡಿನ ಇಂಟಾಮಿನ್ ಕಂಪನಿಯವರು ಮತ್ತು ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಹಳೆಯ ವಿಧಾನಕ್ಕೆ ಕಷ್ಟವೆನಿಸುವ ಎತ್ತರವನ್ನೇ ಕೈಗೆತ್ತಿಕೊಂಡರು. ಹಾಗಾಗಿಯೇ ಹೊಸ ವಿಧಾನ ಹುಡುಕಬೇಕಾಯಿತು.

ಕೋಸ್ಟರಿನ ಬಂಡಿಗೆ ಎಂಜಿನ್ ಇರುವುದಿಲ್ಲ, ಮೊದಲ ಏರಿನಲ್ಲಿ ಪಡೆದ ಎತ್ತರವೇ ಇಳಿಯುವಾಗ ವೇಗವಾಗುತ್ತದೆ ಎಂಬುದು ಮೆಕ್ಯಾನಿಕಲ್ ಓದುತ್ತಿರುವ ನಿನಗೆ ಗೊತ್ತೇ ಇದೆ. ಆ ಏರನ್ನು ಹತ್ತಿಸಲು ಆವರೆಗೆ ಸಾಮಾನ್ಯವಾಗಿ ಬಳಸುತ್ತಿದ್ದದ್ದು ಸರಪಳಿ. ಎತ್ತರ ಹೆಚ್ಚಿದಂತೆ ಸರಪಳಿ ಉದ್ದವಾಗುತ್ತದೆ, ಮೋಟಾರು ಬಂಡಿಯ ಜೊತೆಗೆ ಸರಪಳಿಯ ಭಾರವನ್ನೂ ಎಳೆಯಬೇಕಾಗುತ್ತದೆ. ಏರು ಕಡಿದಾಗಿರಬಾರದು, ವೇಗವೂ ನಿಧಾನ. ಮಿಲೇನಿಯಂ ಫೋರ್ಸ್‌ನಲ್ಲಿ ಸರಪಳಿಯ ಬದಲು, ಲಿಫ್ಟುಗಳಲ್ಲಿ ಇರುವಂತಹ ಉಕ್ಕಿನ ಕೇಬಲ್ ಬಂತು. ಎರಡು ಹಳಿಗಳ ನಡುವಿನ ಕಾಲುವೆಯಲ್ಲಿ ಒಂದು ಪುಟ್ಟ ಗಾಡಿ ಕೆಳಗಿಳಿದು ಬಂದು, ನಿಂತಿರುವ ಬಂಡಿಯ ಅಡಿಯನ್ನು ಹಿಡಿದುಕೊಂಡು, 45 ಡಿಗ್ರಿಯ ಏರಿನಲ್ಲಿ 36 ಜನರನ್ನು ಸರಸರನೆ ಎಳೆದೊಯ್ಯುತ್ತದೆ. ತುದಿ ಮುಟ್ಟಲು ಅರ್ಧ ನಿಮಿಷವೂ ಬೇಡ. ಕೊನೆಯಲ್ಲಿ ತಡೆಯುವುದೂ ಉಜ್ಜುವ ಬ್ರೇಕಲ್ಲ, ಅಯಸ್ಕಾಂತದ ಬ್ರೇಕು.

ಆ ಚಳಿಗಾಲವೆಲ್ಲ ಪಾರ್ಕು ಮುಚ್ಚಿತ್ತು, ಕಟ್ಟುವ ಕೆಲಸ ಮಾತ್ರ ನಡೆದಿತ್ತು. ಭಾನುವಾರ ಕಾರು ತೆಗೆದುಕೊಂಡು ಸ್ಯಾಂಡಸ್ಕಿಯವರೆಗೆ ಹೋಗಿ ನೋಡಿ ಬರುವುದು ನಮ್ಮಲ್ಲಿ ಕೆಲವರಿಗೆ ರೂಢಿಯಾಯಿತು. ಹೆಪ್ಪುಗಟ್ಟಿದ ನೀರಿನ ಆಚೆ ಕ್ರೇನುಗಳ ಪಕ್ಕದಲ್ಲಿ ನೀಲಿ ಹಳಿಯ ತುಂಡುಗಳು ಒಂದೊಂದಾಗಿ ಮೇಲೇರುತ್ತಿದ್ದವು. ಪ್ರತಿಸಲ ಹೋದಾಗಲೂ ಅದು ಹಿಂದಿನ ಸಲಕ್ಕಿಂತ ಎತ್ತರವಾಗಿರುತ್ತಿತ್ತು. ಮ್ಯಾಗ್ನಮ್ಮನ್ನು ಮೀರಿಸಿ ನಿಂತ ಮೇಲೂ ಏರು ಮುಗಿದಿರಲಿಲ್ಲ. ಗುರುತು ಪರಿಚಯವಿಲ್ಲದವರು ಚಳಿಯಲ್ಲಿ ಕಾರಿನಿಂದಿಳಿದು ನಮ್ಮೊಂದಿಗೆ ಮಾತಿಗೆ ನಿಲ್ಲುತ್ತಿದ್ದರು. ಪರದೇಶದಲ್ಲಿ ಹೊಸಬರಾಗಿದ್ದ ನಮಗೆ, ಆ ಊರಿನವರ ಹೆಮ್ಮೆಯಲ್ಲಿ ನಮ್ಮದೂ ಒಂದು ಪಾಲಿದೆ ಎಂದು ಮೊದಲ ಬಾರಿಗೆ ಅನ್ನಿಸಿದ್ದು ಆಗಲೇ. ದೊಡ್ಡದೊಂದು ವಸ್ತು ಕಣ್ಣೆದುರೇ ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದವರ ಸಡಗರವಿದು. ಜಾಹೀರಾತು ಎಷ್ಟೇ ಇದ್ದರೂ ಅದರಿಂದ ಮಾತ್ರ ಇಂಥದ್ದು ಹುಟ್ಟುತ್ತಿರಲಿಲ್ಲ.

2000ನೇ ಇಸವಿಯ ಮೇ 13, ಶನಿವಾರ, ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ನಾವು ಬೆಳಗಿನ ಜಾವವೇ ಹೊರಟಿದ್ದೆವು; ಸಾಲಿನಲ್ಲಿ ನಿಂತು ನಮ್ಮ ಸರದಿ ಬರುವಾಗ ಮಧ್ಯಾಹ್ನ ಮೀರಿತ್ತು. ಅಷ್ಟು ಹೊತ್ತಿನಲ್ಲಿ ಯಾರೂ ಬೇಸರಪಟ್ಟದ್ದು ನಾನು ಕಾಣೆ. ಪ್ರತಿ ಬಂಡಿ ತುದಿಯಲ್ಲಿ ಬಾಗಿದಾಗ ಸಾಲಿಗೆ ಸಾಲೇ ತಲೆಯೆತ್ತಿ ನೋಡುತ್ತಿತ್ತು, ಮರಳಿ ಬಂದವರು ಚಪ್ಪಾಳೆ ತಟ್ಟುತ್ತಾ ಇಳಿಯುತ್ತಿದ್ದರು. ನಿನ್ನ ಅಮ್ಮ ಬಳೆಗಳನ್ನು ಬಿಚ್ಚಿ ನನ್ನ ಜೇಬಿಗೆ ಹಾಕಿ, ದುಪಟ್ಟವನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು, ನನಗಿಂತ ಮೊದಲೇ ಹೋಗಿ ಕುಳಿತಳು. ಭುಜಕ್ಕೆ ಯಾವ ಕವಚವೂ ಇಲ್ಲ, ತೊಡೆಯ ಮೇಲೆ ಒಂದು ಕಂಬಿ, ಸೊಂಟಕ್ಕೊಂದು ಬೆಲ್ಟು ಅಷ್ಟೆ. ಮೇಲೇರುವಾಗ ಸರೋವರ ಅಗಲವಾಗುತ್ತಾ ಹೋದದ್ದು ನೆನಪಿದೆ. ತುದಿಯಿಂದ 80 ಡಿಗ್ರಿಯ ಇಳಿಜಾರು, 300 ಅಡಿ. ಅಲ್ಲಿ ಹಳಿ ಕಾಣುವುದೇ ಇಲ್ಲ, ಕೆಳಗಿನ ನೆಲ ಮಾತ್ರ ಕಾಣುತ್ತದೆ. ಆಮೇಲಿನದೆಲ್ಲ ಗಾಳಿ. ಪಕ್ಕಕ್ಕೆ 122 ಡಿಗ್ರಿ ವಾಲುವ ತಿರುವಿನಲ್ಲಿ ಅಮ್ಮ ಕೈ ಮೇಲೆತ್ತಿ ಕೂಗುತ್ತಿದ್ದಳು, ಅದೂ ಅಚ್ಚ ಕನ್ನಡದಲ್ಲಿ. ನಾನು ಕಂಬಿಯನ್ನು ಬಿಡಲಿಲ್ಲ.

ಅದರ ಎತ್ತರದ ದಾಖಲೆ ಮೂರು ತಿಂಗಳೂ ಉಳಿಯಲಿಲ್ಲ. ಅದೇ ಆಗಸ್ಟ್ 1ರಂದು ಜಪಾನಿನ ಸ್ಟೀಲ್ ಡ್ರ್ಯಾಗನ್ 318 ಅಡಿಯೊಂದಿಗೆ ಮುಂದೆ ಹೋಯಿತು. ಅವರು ಸರಪಳಿಯನ್ನೇ ಬಳಸಿದರು; ಆ ಎತ್ತರಕ್ಕೆ ಒಂದು ಸಾಲದೆ ಎರಡು ಸರಪಳಿಗಳು ಬೇಕಾದವು. 2003ರಲ್ಲಿ ಸೀಡರ್ ಪಾಯಿಂಟೇ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಎಂಬ 420 ಅಡಿಯದನ್ನು ತಂದಿತು. ಇಷ್ಟಾದರೂ ಕೋಸ್ಟರ್ ಪ್ರಿಯರು ವರ್ಷಾನುಗಟ್ಟಲೆ ಮಿಲೇನಿಯಂ ಫೋರ್ಸ್‌ಗೆ ಮತ್ತೆ ಮತ್ತೆ ಮೊದಲ ಸ್ಥಾನ ಕೊಟ್ಟದ್ದು ನನಗೆ ಸಂಪೂರ್ಣ ನ್ಯಾಯವೆಂದೇ ತೋರುತ್ತದೆ.

ನೀನು ಹೋದಾಗ ಮೊದಲ ಸಲ ಮುಂದಿನ ಸಾಲಿಗೇ ಕಾದು ಕುಳಿತುಕೋ, ಎರಡನೆಯ ಸಲ ಕೊನೆಯ ಸಾಲಿಗೆ ಹೋಗು. ಹಿಂದೆ ಕುಳಿತವರನ್ನು ಬಂಡಿಯ ಮುಂದಿನ ಭಾಗದ ಭಾರವೇ ತುದಿಯಾಚೆ ಎಳೆದುಹಾಕುವುದರಿಂದ ಇಳಿತದ ಅನುಭವವೇ ಬೇರೆ. ಕನ್ನಡಕವನ್ನು ಮೊದಲೇ ತೆಗೆದಿಡು. ಸರದಿ ಬರುವ ಮುನ್ನ ಹಳಿಗಳ ನಡುವಿನ ಆ ಕಾಲುವೆಯಲ್ಲಿ ಪುಟ್ಟ ಗಾಡಿ ಇಳಿದು ಬರುವುದನ್ನು ಮರೆಯದೆ ನೋಡು. ಅದು ಬಂಡಿಯನ್ನು ಹೇಗೆ ಹಿಡಿಯುತ್ತದೆ, ತುದಿಯಲ್ಲಿ ಹೇಗೆ ಬಿಡುತ್ತದೆ ಎಂಬುದು ನಿನಗೆ ಅರ್ಥವಾದರೆ ಒಂದು ಚಿತ್ರ ಬರೆದು ನನಗೆ ಕಳಿಸು.

ಇಂತಿ,
ನಿನ್ನ ಪ್ರೀತಿಯ ಅಪ್ಪ