ಒಂಬತ್ತನೇ ತರಗತಿಯ ಬಾಸ್ಟನ್ ಪಾಠದ ಬಗ್ಗೆ ಪೋಷಕರಿಗೆ

ಪೋಷಕರಿಗೆ ನಮಸ್ಕಾರ.

ಮಂಗಳವಾರ ಮೂರನೇ ಪೀರಿಯಡ್‌ನಲ್ಲಿ ಏನಾಯಿತು ಅಂತ ನಿಮಗೆಲ್ಲ ಈಗಾಗಲೇ ಗೊತ್ತಿದೆ. ಗೊತ್ತಿದೆ ಅನ್ನೋದಕ್ಕಿಂತ, ಇಪ್ಪತ್ತು ಸೆಕೆಂಡಿನ ವಿಡಿಯೋ ನೋಡಿದ್ದೀರಿ. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, 1770ರಲ್ಲಿ, ಅಲ್ಲಿನ ಬಾಸ್ಟನ್ ಊರಿನಲ್ಲಿ ಬ್ರಿಟಿಷ್ ಸಿಪಾಯಿಗಳು ಜನರ ಮೇಲೆ ಗುಂಡು ಹಾರಿಸಿದ ಗಲಾಟೆಯನ್ನು ಸಮಾಜ ವಿಜ್ಞಾನದ ಮೇಷ್ಟ್ರು ಮಕ್ಕಳಿಂದ ಆಡಿಸಿದರು. ಜನ ಸಿಪಾಯಿಗಳಿಗೆ ಎಸೆದ ಹಿಮದ ಉಂಡೆಗೆ ಬದಲು ಕಾಗದದ ಉಂಡೆ. ಅದರ ಜೊತೆಗೆ ಯಾರದೋ ಸ್ಟೀಲ್ ಬಾಟಲಿಯೂ ಹಾರಿತು, ಸಿಪಾಯಿ ಪಾತ್ರದ ಹುಡುಗನ ಹುಬ್ಬು ಊದಿಕೊಂಡಿತು. ಇದು ನಮ್ಮ ತಪ್ಪು, ಸುಮ್ನೆ ಸಮಜಾಯಿಷಿ ಕೊಡಲ್ಲ. ಹುಡುಗ ಮರುದಿನವೇ ಖೋ ಖೋ ಆಡಿದ. ಇನ್ನು ಮುಂದೆ ತರಗತಿಯಲ್ಲಿ ಏನನ್ನೂ ಎಸೆಯುವ ಹಾಗಿಲ್ಲ, ಕಾಗದವನ್ನೂ.

ಆದರೆ ನನಗೆ ಬಂದ ದೂರುಗಳಲ್ಲಿ ಜಾಸ್ತಿ ಇರುವುದು ಬಾಟಲಿ ವಿಷಯ ಅಲ್ಲ. "ನನ್ನ ಮಗನನ್ನು ಬ್ರಿಟಿಷ್ ಸಿಪಾಯಿ ಮಾಡಿ, ಜನರ ಮೇಲೆ ಗುಂಡು ಹಾರಿಸಿದ್ದು ಸರಿ ಅಂತ ವಾದ ಮಾಡಿಸೋದು ಯಾವ ಸೀಮೆ ಪಾಠ ಮೇಡಂ?" ಅಂತ ಒಬ್ಬ ತಂದೆ ಆಫೀಸಿಗೇ ಬಂದು ಕೇಳಿದರು. 1938ರಲ್ಲಿ ವಿದುರಾಶ್ವತ್ಥದಲ್ಲಿ ನಮ್ಮ ಜನರ ಮೇಲೇ ಗುಂಡು ಹಾರಿತ್ತು, ಮರೆತಿರಾ ಅಂದರು. ಮರೆತಿಲ್ಲ ಸಾರ್. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ತೆರಿಗೆ, ಟೀ, ಕಾಗದದ ಸುಂಕ, ಇದೆಲ್ಲ ಪಠ್ಯದಲ್ಲಿ ಇದ್ದೇ ಇದೆ. 1768ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ಗೆ ಬ್ರಿಟಿಷ್ ಸೈನ್ಯ ಬಂದಿಳಿಯಿತು. ಊರಲ್ಲಿದ್ದದ್ದು ಹೆಚ್ಚು ಕಡಿಮೆ 16 ಸಾವಿರ ಜನ. ರಾತ್ರಿ ತಮ್ಮದೇ ಬೀದಿಯಲ್ಲಿ ನಡೆದು ಬರುವವರನ್ನು ಕಾವಲು ಸಿಪಾಯಿ ತಡೆದು "ಯಾರಲ್ಲಿ?" ಅನ್ನೋದು. ಭಾನುವಾರ ಚರ್ಚ್ ನಡೆಯುವಾಗಲೇ ಹೊರಗೆ ತಮಟೆ, ಕೊಳಲು. ಸಿಪಾಯಿಗಳ ಸಂಬಳವೋ ಕೈಗೆ ಸಾಲದು. ಹಾಗಾಗಿ ಬಿಡುವಿನಲ್ಲಿ ಕಡಿಮೆ ಕೂಲಿಗೆ ದುಡಿಯಲು ಬರುತ್ತಿದ್ದರು, ಊರಿನ ಕೂಲಿಯವರ ಹೊಟ್ಟೆಯ ಮೇಲೆ ಹೊಡೆದ ಹಾಗಾಗುತ್ತಿತ್ತು. 1770ರ ಮಾರ್ಚ್ 2ರಂದು ಒಬ್ಬ ಸಿಪಾಯಿ ಹಗ್ಗ ಹೊಸೆಯುವ ಕಡೆ ಹೋಗಿ ಕೆಲಸ ಇದೆಯಾ ಅಂತ ಕೇಳಿದ. "ಇದೆ, ಹೋಗಿ ನನ್ನ ಕಕ್ಕಸು ತೊಳಿ" ಅನ್ನೋ ಅರ್ಥದ ಉತ್ತರ ಬಂತು. ಅವನು ಗೆಳೆಯರನ್ನು ಕರೆತಂದ, ದೊಣ್ಣೆ ಹೊರಬಂದವು. (ಈ ಕಕ್ಕಸಿನ ಕಥೆಯನ್ನು ನಿಮ್ಮ ಮಕ್ಕಳು ಮನೆಯಲ್ಲಿ ಹತ್ತು ಸಲ ಹೇಳಿದ್ದರೆ ಕ್ಷಮಿಸಿ.) ಅದಕ್ಕೆ ಕೆಲವು ದಿನ ಮೊದಲು ಸುಂಕದವರ ಕಡೆಯ ಒಬ್ಬ ಹಾರಿಸಿದ ಗುಂಡಿಗೆ ಕ್ರಿಸ್ಟೋಫರ್ ಸೈಡರ್ ಅನ್ನೋ, ಸುಮಾರು ಹನ್ನೊಂದು ವರ್ಷದ ಹುಡುಗ ಸತ್ತಿದ್ದ. ಊರು ಕುದಿಯುತ್ತಿತ್ತು.

ಮಾರ್ಚ್ 5ರ ರಾತ್ರಿ ನೆಲದ ತುಂಬ ಹಿಮ. ಸುಂಕದ ಕಚೇರಿಯ ಮುಂದೆ ಹ್ಯೂ ವೈಟ್ ಅನ್ನೋ ಸಿಪಾಯಿ ಒಬ್ಬನೇ ಕಾವಲಿಗಿದ್ದ. ಟೋಪನ್ (ತಲೆಗೆ ಹಾಕುವ ಕೃತಕ ಕೂದಲು) ಮಾಡುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಒಬ್ಬ, ಸೇನಾಧಿಕಾರಿ ತನ್ನ ಯಜಮಾನನ ಬಾಕಿ ಕೊಟ್ಟಿಲ್ಲ ಅಂತ ಕೂಗಿದ. ಅಸಲಿಗೆ ಆ ಬಾಕಿ ತೀರಿತ್ತು! ವೈಟ್ ಬಂದೂಕಿನಿಂದ ಹುಡುಗನ ತಲೆಗೆ ಬಾರಿಸಿದ. ಚರ್ಚ್ ಗಂಟೆ ಬಾರಿಸಿತು, ಬೆಂಕಿ ಬಿದ್ದಿದೆ ಅಂದುಕೊಂಡು ಜನ ಓಡಿ ಬಂದರು. ಕ್ಯಾಪ್ಟನ್ ಪ್ರೆಸ್ಟನ್ ಏಳು ಜನರ ಜೊತೆ ಬಂದ. ಹಿಮದ ಉಂಡೆ, ಐಸ್ ಗಡ್ಡೆ, ಚಿಪ್ಪು, ದೊಣ್ಣೆ. ಒಬ್ಬ ಸಿಪಾಯಿ ಏಟು ತಿಂದು ಬಿದ್ದ, ಎದ್ದವನು ಗುಂಡು ಹಾರಿಸಿದ, ಉಳಿದವರೂ ಹಾರಿಸಿದರು. ಐದು ಜನ ಸತ್ತರು. ಅವರಲ್ಲಿ ಸ್ಯಾಮುಯೆಲ್ ಮ್ಯಾವರಿಕ್‌ಗೆ ಬರೀ 17 ವರ್ಷ.

ಆ ಸಿಪಾಯಿಗಳ ಪರ ಕೋರ್ಟಿನಲ್ಲಿ ನಿಂತವರು ಯಾರು ಗೊತ್ತಾ? ಜಾನ್ ಆಡಮ್ಸ್. ಮುಂದೆ ಅಮೆರಿಕದ ಎರಡನೇ ಅಧ್ಯಕ್ಷ ಆದವರು, ಬ್ರಿಟಿಷರ ತೆರಿಗೆಯನ್ನು ವಿರೋಧಿಸಿದವರೇ. ಅವರ ವಾದದಿಂದ ಕ್ಯಾಪ್ಟನ್ ಬಿಡುಗಡೆಯಾದ, ಎಂಟು ಸಿಪಾಯಿಗಳಲ್ಲಿ ಆರು ಜನ ಬಿಡುಗಡೆಯಾದರು, ಇಬ್ಬರ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಇದರಿಂದ ಆಡಮ್ಸ್ ಬ್ರಿಟಿಷರ ಕಡೆಯವರಾಗಲಿಲ್ಲ. ನಿಮ್ಮ ಮಗನೂ ಆಗುವುದಿಲ್ಲ. ಸಿಪಾಯಿ ಪರ ಮಾತಾಡಿಸುತ್ತಿದ್ದೇವೆ, ಸಿಪಾಯಿ ಮಾಡಿದ್ದು ಸರಿ ಅಂತ ಕಲಿಸುತ್ತಿಲ್ಲ. ಮತ್ತೆ ಹೇಳುತ್ತೇನೆ, ಸರಿ ಅಂತ ಕಲಿಸುತ್ತಿಲ್ಲ. ಸತ್ತ ಐವರ ಹೆಸರನ್ನು ಬಾಯಿಪಾಠ ಮಾಡಿದ್ದೂ ಇದೇ ಮಕ್ಕಳು.

ಬಾಸ್ಟನ್ನಿನ ಬೆಳ್ಳಿ ಕೆಲಸಗಾರ ಪಾಲ್ ರಿವೀರ್ ಆ ಘಟನೆಯ ಚಿತ್ರ ಅಚ್ಚು ಹಾಕಿ ಮಾರಿದ. ಅದರಲ್ಲಿ ಸಿಪಾಯಿಗಳು ಸಾಲಾಗಿ ನಿಂತಿದ್ದಾರೆ, ಹಿಂದೆ ಕ್ಯಾಪ್ಟನ್ ಕತ್ತಿ ಎತ್ತಿದ್ದಾನೆ, ಸುಂಕದ ಕಚೇರಿಯ ಮೇಲೆ ‘ಕಟುಕರ ಮನೆ’ ಅಂತ ಬೋರ್ಡು. ಜನರ ಕೈಯಲ್ಲಿ ಒಂದು ದೊಣ್ಣೆಯೂ ಇಲ್ಲ. ನಮ್ಮ ಇಪ್ಪತ್ತು ಸೆಕೆಂಡಿನ ವಿಡಿಯೋದಲ್ಲೂ ಸಿಪಾಯಿ ಹುಡುಗ ಸ್ಕೇಲ್ ಎತ್ತಿದ್ದು ಕಾಣುತ್ತದೆ, ಬಾಟಲಿ ಕಾಣುವುದಿಲ್ಲ.

ಹಾಗಾಗಿ ಗುರುವಾರ, ಮಕ್ಕಳು ಎರಡೂ ಕಡೆ ನಿಂತು ವಾದ ಮಾಡುವ ‘ಕೋರ್ಟ್’ ಪೀರಿಯಡ್ ನಡೆಯುತ್ತದೆ. ಯಾರು ಯಾವ ಕಡೆ ಅನ್ನೋದು ಚೀಟಿ ಎತ್ತಿ ತೀರ್ಮಾನ, ಶಿಫಾರಸು ನಡೆಯಲ್ಲ. ನಿಜವಾಗಿಯೂ ಮುಜುಗರ ಪಡುವ ಮಗು ಇದ್ದರೆ ನನಗೆ ಹೇಳಿ, ಜ್ಯೂರಿಯಲ್ಲಿ ಕೂರಿಸೋಣ. ಆದರೆ ಕ್ಲಾಸಲ್ಲಿ ಕೂರಲೇಬೇಕು. ನೋಡಬೇಕು ಅನ್ನಿಸಿದರೆ ನೀವೂ ಬನ್ನಿ, ಹಿಂದಿನ ಬೆಂಚು ಖಾಲಿ ಇಡುತ್ತೇವೆ.

ಆ ವಿಡಿಯೋವನ್ನು ದಯವಿಟ್ಟು ಗ್ರೂಪಿನಿಂದ ತೆಗೆದುಬಿಡಿ.

ನೀರಿನ ಬಾಟಲಿ ಎಂದಿನಂತೆ ಕಳಿಸಿ, ಆ ಪೀರಿಯಡ್‌ನಲ್ಲಿ ಮಾತ್ರ ಹೊರಗಿನ ಕಟ್ಟೆಯ ಮೇಲೆ ಇಡಿಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ