ಎಚ್‌ಡಿಎಲ್ ಏರಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ತೆಂಗಿನೆಣ್ಣೆ ‘ಒಳ್ಳೆಯ ಕೊಲೆಸ್ಟರಾಲ್’ ಎನಿಸಿದ ಎಚ್‌ಡಿಎಲ್ ಅನ್ನು ಹೆಚ್ಚಿಸುತ್ತದೆ, ಆದ್ದರಿಂದ ಹೃದಯಕ್ಕೆ ಹಿತ ಎಂದು ನಿಮ್ಮ ಪುರವಣಿಯ ಲೇಖನವೊಂದು ಹೇಳಿದೆ. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದ ನನಗೆ ಇದನ್ನು ಓದಿ ಕಳವಳವಾಯಿತು. ವರದಿ ಕೈಗೆ ಸಿಕ್ಕೊಡನೆ ಎಚ್‌ಡಿಎಲ್ ಸಾಲಿನ ಮೇಲೆ ಬೆರಳಿಟ್ಟು, ‘ಇದು ಏರಿದೆ, ಇನ್ನು ಚಿಂತೆಯಿಲ್ಲ’ ಎಂದು ನೆಮ್ಮದಿಯಿಂದ ಹೊರಟವರನ್ನು ನಾನು ಬಹಳ ಕಂಡಿದ್ದೇನೆ. ಅದೇ ಹಾಳೆಯಲ್ಲಿ ‘ಕೆಟ್ಟ ಕೊಲೆಸ್ಟರಾಲ್’ ಎನಿಸಿದ ಎಲ್‌ಡಿಎಲ್ ಕೂಡ ಏರಿರುತ್ತಿತ್ತು. ವೈದ್ಯರಿಗೆ ತೋರಿಸಿ ಎನ್ನುವುದಕ್ಕಿಂತ ಹೆಚ್ಚು ಹೇಳುವ ಅಧಿಕಾರ ಆಗ ನನಗಿರಲಿಲ್ಲ.

ಲೇಖನದ ಮಾತು ಸುಳ್ಳಲ್ಲ, ಅರ್ಧ ಮಾತ್ರ. ತೆಂಗಿನೆಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ, ತುಪ್ಪದಲ್ಲಿ ಹೆಚ್ಚಾಗಿರುವ ಬಗೆಯ ಕೊಬ್ಬು. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ, ಸೂರ್ಯಕಾಂತಿ ಎಣ್ಣೆಯಲ್ಲಿ ಶೇ 10ರ ಆಸುಪಾಸು. 2020ರಲ್ಲಿ ಪ್ರಕಟವಾದ, 16 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿಯಂತಹ ಎಣ್ಣೆ ಸೇವಿಸಿದವರಿಗಿಂತ ತೆಂಗಿನೆಣ್ಣೆ ಸೇವಿಸಿದವರಲ್ಲಿ ಎಚ್‌ಡಿಎಲ್ ಡೆಸಿಲೀಟರ್‌ಗೆ ಸುಮಾರು 4 ಮಿಲಿಗ್ರಾಂ ಹೆಚ್ಚಿತ್ತು, ನಿಜ. ಎಲ್‌ಡಿಎಲ್ ಹೆಚ್ಚಿದ್ದುದು ಸುಮಾರು 10 ಮಿಲಿಗ್ರಾಂ. ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿವೆ. ಅವುಗಳನ್ನು ಗುರುತಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂದಿತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ.

ಏರಿದ ಎಚ್‌ಡಿಎಲ್ ಏರಿದ ಎಲ್‌ಡಿಎಲ್ ಅನ್ನು ಸರಿದೂಗಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಔಷಧ ಸಂಶೋಧಕರೂ ಹಾಗೆಯೇ ಆಶಿಸಿದ್ದರು. ಟಾರ್ಸೆಟ್ರಾಪಿಬ್ ಎಂಬ ಮಾತ್ರೆ ಎಚ್‌ಡಿಎಲ್ ಅನ್ನು ಶೇ 70ಕ್ಕೂ ಹೆಚ್ಚು ಏರಿಸಿತು. ಆದರೆ ಅದನ್ನು ತೆಗೆದುಕೊಂಡವರಲ್ಲಿ ಸಾವುಗಳು ಹೆಚ್ಚಿ, 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆ ಮಾತ್ರೆ ರಕ್ತದೊತ್ತಡವನ್ನೂ ಏರಿಸುತ್ತಿತ್ತು ಎನ್ನಬಹುದು. ಸರಿ, ಅದನ್ನು ಬದಿಗಿಡೋಣ. 2012ರಲ್ಲಿ ಹೊರಬಂದ ವಂಶವಾಹಿ ಅಧ್ಯಯನವೂ, ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿಸುವ ರೂಪಾಂತರ ಪಡೆದವರಿಗೆ ಹೃದಯಾಘಾತದಿಂದ ಹೆಚ್ಚಿನ ರಕ್ಷಣೆ ಸಿಕ್ಕಿಲ್ಲವೆಂದು ತೋರಿಸಿತು. ಏರಿದ ಎಲ್‌ಡಿಎಲ್ ವಿಷಯದಲ್ಲಿ ಇಂತಹ ಅನುಮಾನ ಉಳಿದಿಲ್ಲ. ಅದು ರಕ್ತನಾಳದ ಗೋಡೆಗೆ ಸೇರಿ ಹಾನಿ ಮಾಡುತ್ತದೆ.

ಸ್ಯಾಚುರೇಟೆಡ್ ಕೊಬ್ಬಿಗೂ ಹೃದ್ರೋಗಕ್ಕೂ ನಂಟೇ ಕಾಣಲಿಲ್ಲ ಎಂದ ಸಮೀಕ್ಷೆಗಳೂ ಇವೆ. ಆ ಕೊಬ್ಬನ್ನು ಬಿಟ್ಟವರು ಬದಲಿಗೆ ಏನು ತಿಂದರು ಎಂಬುದನ್ನು ಅಲ್ಲಿ ನೋಡಬೇಕು. ಸಕ್ಕರೆ, ಮೈದಾ ತಿಂದಿದ್ದರೆ ಲಾಭ ಕಾಣದಿರುವುದು ಸಹಜ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆಯಲ್ಲಿ, ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಈ ಕೊಬ್ಬನ್ನು ತಗ್ಗಿಸಿದವರಲ್ಲಿ ಹೃದಯ ಮತ್ತು ರಕ್ತನಾಳದ ತೊಂದರೆಗಳು ಒಟ್ಟಾರೆ ಶೇ 17ರಷ್ಟು ಕಡಿಮೆಯಾಗಿದ್ದವು.

ತೆಂಗಿನೆಣ್ಣೆ ವಿಷವೆಂದು ನಾನು ಹೇಳುತ್ತಿಲ್ಲ. ರುಚಿಗಾಗಿ ಒಂದು ಚಮಚ ಹಾಕುವವರನ್ನು ಹೆದರಿಸುವುದೂ ನನಗೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಸ್ಯಾಚುರೇಟೆಡ್ ಕೊಬ್ಬಿಗೆ ಇಟ್ಟಿರುವ ಮಿತಿ ದಿನದ ಒಟ್ಟು ಕ್ಯಾಲೊರಿಯ ಶೇ 10. ಎರಡು ಸಾವಿರ ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ದೊಡ್ಡ ಚಮಚದಲ್ಲಿ ಎರಡು ಚಮಚ ತೆಂಗಿನೆಣ್ಣೆಯಲ್ಲೇ ಅದು ಮುಗಿಯುತ್ತದೆ. ಹಾಲು, ಬೆಣ್ಣೆ, ಮಾಂಸದ ಲೆಕ್ಕ ಇನ್ನೂ ಬಾಕಿ. ಈಗಾಗಲೇ ಎಲ್‌ಡಿಎಲ್ ಹೆಚ್ಚಿರುವ ಓದುಗರು ಲೇಖನವನ್ನು ನಂಬಿ ಅಡುಗೆಯ ಎಣ್ಣೆಯನ್ನೇ ಬದಲಿಸಿಬಿಟ್ಟಾರು ಎಂಬುದೇ ನನ್ನ ಭಯ. ಬಿಟ್ಟುಹೋದ ಎಲ್‌ಡಿಎಲ್ ಅಂಕಿಯನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ